ಆ ಒಂದು ಮತ ಯಾರದು?

ದ್ಯೂತಸಭೆಗೆ ದ್ರೌಪದಿಯನ್ನು ಎಳೆತಂದಾಗ ಭೀಷ್ಮದ್ರೋಣಾದಿ ಹಿರಿಯರು ತಲೆ ತಗ್ಗಿಸಿ ಕುಳಿತಿದ್ದರೆಂಬುದನ್ನೂ, ಧೃತರಾಷ್ಟ್ರನ ನೂರು ಮಂದಿ ಮಕ್ಕಳಲ್ಲಿ ವಿಕರ್ಣನೊಬ್ಬನೇ ಎದ್ದುನಿಂತು ಇದು ಧರ್ಮವಲ್ಲವೆಂದು ನುಡಿದನೆಂಬುದನ್ನೂ ನಮ್ಮ ವಾಚಕರು ಬಲ್ಲರು. ಕರ್ಣನು ಅವನನ್ನು ಬಾಲಕನೆಂದು ಹಳಿದು ಬಾಯಿ ಮುಚ್ಚಿಸಿದನು. ವಿಕರ್ಣನ ಮಾತು ಆ ಸಭೆಯಲ್ಲಿ ಗೆಲ್ಲಲಿಲ್ಲ. ಆದರೂ ಪುರಾಣ ಹೇಳುವವರು ಆ ಘಟ್ಟಕ್ಕೆ ಬಂದಾಗ ಇಂದಿಗೂ ಒಂದು ಕ್ಷಣ ನಿಂತು, ಅವನ ಹೆಸರನ್ನು ಹೇಳಿಯೇ ಮುಂದಕ್ಕೆ ಸಾಗುತ್ತಾರೆ. ಬಹುಮತಕ್ಕೆ ಎದುರಾಗಿ ಒಬ್ಬರೇ ನುಡಿಯುವ ಮಾತಿಗೆ ಜಯಾಪಜಯಗಳಿಗೆ ಮೀರಿದ ಬೆಲೆಯೊಂದು ಇರುವುದೆಂದು ನಮ್ಮ ಪೂರ್ವಿಕರು ಅರಿತಿದ್ದರು.

ಈ ವಿಷಯವನ್ನು ನಾನು ಎತ್ತುವುದಕ್ಕೆ ಒಂದು ಕಾರಣವುಂಟು. ನಾನು ಶಾಲೆಯಲ್ಲಿ ಸಂಸ್ಕೃತ ಪಂಡಿತನಾಗಿದ್ದ ಕಾಲದಲ್ಲಿ ಒಮ್ಮೆ ಚರಿತ್ರೆಯ ಉಪಾಧ್ಯಾಯರು ರಜೆಯ ಮೇಲಿದ್ದುದರಿಂದ ಅವರ ತರಗತಿಯನ್ನು ನಾನು ನೋಡಿಕೊಳ್ಳಬೇಕಾಯಿತು. ಅಂದಿನ ಪಾಠವು ಎರಡನೆಯ ಮಹಾಯುದ್ಧ. ಜಪಾನಿನ ಮೇಲೆ ಯುದ್ಧ ಸಾರಬೇಕೆಂಬ ನಿರ್ಣಯವು ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಪರವಾಗಿ ೩೮೮, ವಿರೋಧವಾಗಿ ೧, ಹೀಗೆ ಅಂಗೀಕೃತವಾಯಿತೆಂದು ಓದಿ ಹೇಳಿದೆನು. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದುನಿಂತು, “ಸಾರ್, ಆ ಒಂದು ಮತ ಯಾರದು?” ಎಂದು ಕೇಳಿದನು. ನನಗೆ ತಿಳಿದಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವುದಕ್ಕೆ ಮನಸ್ಸು ಬಾರದೆ, “ಯಾರೋ ಒಬ್ಬನಿರಬೇಕು, ಕುಳಿತುಕೋ” ಎಂದುಬಿಟ್ಟೆನು. ಆ ಉತ್ತರವು ಅಂದಿನಿಂದ ನನ್ನ ಮನಸ್ಸನ್ನು ಕೊರೆಯುತ್ತಲೇ ಇತ್ತು. ತರುವಾಯ ಪುಸ್ತಕಗಳನ್ನು ತೆರೆದು ನೋಡಿದಾಗ ಮೊಟ್ಟಮೊದಲು ತಿಳಿದುಬಂದದ್ದೇನೆಂದರೆ, ಆ ಮತವು ಯಾರೋ ಒಬ್ಬನದಲ್ಲ, ಒಬ್ಬಾಕೆಯದು. ಆಕೆಯ ಹೆಸರು ಜೆನೆಟ್ ರಾಂಕಿನ್. ಅಮೆರಿಕದ ಕಾಂಗ್ರೆಸ್ಸಿಗೆ ಜನರಿಂದ ಚುನಾಯಿತಳಾದ ಪ್ರಥಮ ಸ್ತ್ರೀಯೂ ಈಕೆಯೇ.

ಇಲ್ಲಿ ಒಂದು ವಿವರಣೆ ಅವಶ್ಯಕ. ಅಮೆರಿಕದಲ್ಲಿ ಕಾಂಗ್ರೆಸ್ಸೆಂದರೆ ನಮ್ಮಲ್ಲಿರುವಂತೆ ಒಂದು ರಾಜಕೀಯ ಪಕ್ಷವಲ್ಲ. ಅದು ಆ ದೇಶದ ಶಾಸನಸಭೆ. ಪ್ರತಿನಿಧಿ ಸಭೆಯೆಂದೂ ಸೆನೆಟ್ ಎಂದೂ ಅದಕ್ಕೆ ಎರಡು ಅಂಗಗಳಿವೆ. ಆ ದೇಶದ ರಾಜ್ಯಾಂಗದ ಪ್ರಕಾರ ಯುದ್ಧವನ್ನು ಸಾರುವ ಅಧಿಕಾರವು ಅಧ್ಯಕ್ಷನಿಗಿಲ್ಲ, ಕಾಂಗ್ರೆಸ್ಸಿಗಿದೆ. ಒಬ್ಬೊಬ್ಬ ಸದಸ್ಯನ ಹೆಸರನ್ನೂ ಕೂಗಿ, ಅವನ ಬಾಯಿಂದಲೇ ಹೌದು ಅಥವಾ ಇಲ್ಲ ಎನಿಸುವುದು ಇಂತಹ ಪ್ರಸಂಗಗಳಲ್ಲಿ ಅಲ್ಲಿಯ ಪದ್ಧತಿಯಾಗಿತ್ತು. ರಾಂಕಿನ್ನರ ಜೀವನದ ಎರಡು ಮಹಾಘಟ್ಟಗಳೂ ಈ ಪದ್ಧತಿಯಿಂದಲೇ ಒದಗಿದವು.

ರಾಂಕಿನ್ನರು ೧೮೮೦ನೆಯ ಇಸವಿ ಜೂನ್ ತಿಂಗಳ ೧೧ರಂದು ಅಮೆರಿಕದ ವಾಯವ್ಯ ಭಾಗದಲ್ಲಿರುವ ಮಾಂಟಾನಾ ಪ್ರಾಂತದ ಮಿಸೂಲಾ ಎಂಬ ಊರಿನ ಸಮೀಪದಲ್ಲಿ ಜನಿಸಿದರು. ಆಗ ಅದಿನ್ನೂ ಪೂರ್ಣ ಸಂಸ್ಥಾನವಾಗಿರಲಿಲ್ಲ. ಬೆಟ್ಟ, ಕಾಡು, ಹುಲ್ಲುಗಾವಲುಗಳ ಗಡಿನಾಡಾಗಿತ್ತು. ತಂದೆಯು ಕೆನಡಾ ದೇಶದಿಂದ ಬಂದು, ಮರಮುಟ್ಟಿನ ವ್ಯವಹಾರದಿಂದಲೂ ದನಕರುಗಳ ಸಾಕಣೆಯಿಂದಲೂ ಮೇಲಕ್ಕೆ ಬಂದವರು. ತಾಯಿಯು ದೂರದ ಪೂರ್ವಭಾಗದಿಂದ ಉಪಾಧ್ಯಾಯಿನಿಯಾಗಿ ಬಂದವರು. ಏಳು ಮಂದಿ ಮಕ್ಕಳಲ್ಲಿ ಜೆನೆಟ್ ಹಿರಿಯರು. ಹಿರಿಯ ಮಗಳ ಪಾಲಿಗೆ ಬರುವ ಕೆಲಸವೆಷ್ಟೆಂಬುದನ್ನು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಅಡಿಗೆ, ಹೊಲಿಗೆ, ತಮ್ಮತಂಗಿಯರ ಪಾಲನೆ ಇವುಗಳ ಜತೆಗೆ ಹೊಲದ ಕೆಲಸವೂ ಬಡಗಿಯ ಕೆಲಸವೂ ಆಕೆಗೆ ಬರುತ್ತಿದ್ದುವು. ತಂದೆಯ ಒಂದು ಕಟ್ಟಡಕ್ಕೆ ಮುಂದುಗಡೆ ಕಾಲುದಾರಿಯಿಲ್ಲದೆ ಬಾಡಿಗೆಗೆ ಯಾರೂ ಬಾರದಿದ್ದಾಗ, ಈಕೆಯೇ ಹಲಗೆ ಮೊಳೆಗಳನ್ನು ತೆಗೆದುಕೊಂಡು ಹೋಗಿ ಒಂಟಿಯಾಗಿ ಅದನ್ನು ನಿರ್ಮಿಸಿದರೆಂದು ಹೇಳುತ್ತಾರೆ. ಆ ಗಡಿನಾಡಿನ ಹೊಲಗಳಲ್ಲಿ ಹೆಂಗಸರು ಗಂಡಸರ ಸಮಕ್ಕೆ ದುಡಿಯುತ್ತಿದ್ದರು. ಆದರೆ ಮತ ಕೊಡುವ ದಿವಸ ಬಂದಾಗ ಗಂಡಸರು ಮಾತ್ರ ಊರಿಗೆ ಹೋಗುತ್ತಿದ್ದರು. ಈ ವಿಪರ್ಯಾಸವನ್ನು ಆಕೆ ಚಿಕ್ಕಂದಿನಿಂದಲೇ ಕಂಡಿದ್ದರು.

೧೯೦೨ರಲ್ಲಿ ಮಾಂಟಾನಾ ವಿಶ್ವವಿದ್ಯಾನಿಲಯದಿಂದ ಜೀವಶಾಸ್ತ್ರದಲ್ಲಿ ಪದವಿಯನ್ನು ಪಡೆದ ಬಳಿಕ ಆಕೆ ಕೆಲವು ಕಾಲ ಉಪಾಧ್ಯಾಯಿನಿಯಾಗಿದ್ದರು. ಹೊಲಿಗೆಯ ಕೆಲಸವನ್ನೂ ಮಾಡಿದರು. ಯಾವುದರಲ್ಲಿಯೂ ಮನಸ್ಸು ನಿಲ್ಲಲಿಲ್ಲ. ೧೯೦೪ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ, ಹಾರ್ವರ್ಡಿನಲ್ಲಿ ಓದುತ್ತಿದ್ದ ತಮ್ಮ ವೆಲಿಂಗ್ಟನ್ನನನ್ನು ನೋಡಿಬರಲು ಬಾಸ್ಟನ್ ನಗರಕ್ಕೆ ಹೋದಾಗ, ಅಲ್ಲಿಯ ಬಡವರ ಕೇರಿಗಳನ್ನು ಕಂಡರು. ಗಾಳಿಬೆಳಕುಗಳಿಲ್ಲದ ಕೊಠಡಿಗಳಲ್ಲಿ ಕುಟುಂಬಗಳು ಕಿಕ್ಕಿರಿದಿದ್ದುವು. ವಿಶಾಲವಾದ ಬಯಲುನಾಡಿನಲ್ಲಿ ಬೆಳೆದವಳಿಗೆ ಆ ದೃಶ್ಯವು ಅಸಹ್ಯವಾಯಿತು. ತನ್ನ ಕರ್ತವ್ಯವೇನೆಂಬುದು ಅಲ್ಲಿಂದ ಆಕೆಗೆ ಸ್ಪಷ್ಟವಾಗತೊಡಗಿತು. ೧೯೦೮ರಲ್ಲಿ ನ್ಯೂಯಾರ್ಕಿಗೆ ಹೋಗಿ ಸಮಾಜಸೇವೆಯ ಶಿಕ್ಷಣವನ್ನು ಪಡೆದು, ವಾಷಿಂಗ್ಟನ್ ಸಂಸ್ಥಾನದ ಸ್ಪೋಕೇನಿನಲ್ಲಿ ಅನಾಥ ಮಕ್ಕಳ ಗೃಹವೊಂದರಲ್ಲಿ ಕೆಲಸಕ್ಕೆ ನಿಂತರು. ಒಂದೊಂದು ಮಗುವನ್ನು ಎತ್ತಿಕೊಂಡು ಸಂತೈಸುವುದರಿಂದ ಮಾತ್ರ ಕಾರ್ಯ ಸಾಗದೆಂದೂ, ಮಕ್ಕಳನ್ನು ಆ ಸ್ಥಿತಿಗೆ ತಳ್ಳುವ ಕಾಯಿದೆಗಳು ಬದಲಾಗಬೇಕೆಂದೂ, ಕಾಯಿದೆಗಳು ಬದಲಾಗಬೇಕಾದರೆ ತಾಯಂದಿರಿಗೆ ಮತವಿರಬೇಕೆಂದೂ ಆಕೆಗೆ ಮನವರಿಕೆಯಾದದ್ದು ಅಲ್ಲಿ.

೧೯೧೦ರಲ್ಲಿ ವಾಷಿಂಗ್ಟನ್ ಸಂಸ್ಥಾನದಲ್ಲಿ ಸ್ತ್ರೀಯರ ಮತಾಧಿಕಾರಕ್ಕಾಗಿ ನಡೆದ ಚಳವಳಿಯಲ್ಲಿ ಆಕೆ ಸೇರಿದರು. ಅಲ್ಲಿ ಜಯ ದೊರೆಯಿತು. ೧೯೧೧ರ ಫೆಬ್ರವರಿಯಲ್ಲಿ ಮಾಂಟಾನಾಕ್ಕೆ ಮರಳಿ, ಆ ಸಂಸ್ಥಾನದ ಶಾಸನಸಭೆಯ ಮುಂದೆ ನಿಂತು ಈ ಹಕ್ಕನ್ನು ಕೇಳಿದರು. ಆ ಸಭೆಯ ಎದುರಿನಲ್ಲಿ ಭಾಷಣ ಮಾಡಿದ ಮೊದಲ ಸ್ತ್ರೀ ಈಕೆಯೇ. ಅಂದು ಗೆಲ್ಲಲಿಲ್ಲ. ಆದರೆ ಹಳ್ಳಿ, ಗಣಿ, ಹೊಲ, ಶಾಲೆ ಎಂಬ ಭೇದವಿಲ್ಲದೆ ಸಂಸ್ಥಾನವನ್ನೆಲ್ಲ ಸುತ್ತಿ, ಮನೆಯ ಬಾಗಿಲಲ್ಲಿ ನಿಂತು ಮಾತನಾಡಿ, ೧೯೧೪ರ ನವೆಂಬರಿನಲ್ಲಿ ಮಾಂಟಾನಾದ ಪುರುಷರೇ ತಮ್ಮ ಹೆಂಗಸರಿಗೆ ಮತಾಧಿಕಾರವನ್ನು ಕೊಡುವಂತೆ ಮಾಡಿದವರಲ್ಲಿ ಆಕೆ ಅಗ್ರಗಣ್ಯರು.

ಎರಡು ವರ್ಷಗಳ ಬಳಿಕ, ೧೯೧೬ರಲ್ಲಿ, ರಿಪಬ್ಲಿಕನ್ ಪಕ್ಷದ ಉಮೇದುವಾರಳಾಗಿ ತಾನೇ ಪ್ರತಿನಿಧಿ ಸಭೆಗೆ ನಿಲ್ಲುವುದಾಗಿ ಆಕೆ ಹೇಳಿದಾಗ ಸ್ನೇಹಿತರೇ ಬೆರಗಾದರು. ವಕೀಲನಾಗಿದ್ದ ತಮ್ಮನು ಹಣವನ್ನೂ ಬುದ್ಧಿಯನ್ನೂ ಒದಗಿಸಿದನು. ರಾಂಕಿನ್ನರ ವಾದವು ಬಹು ಸರಳವಾಗಿತ್ತು. ರಾಷ್ಟ್ರದ ಸುಂಕ, ವಿದೇಶ ವ್ಯವಹಾರ, ನೀರಾವರಿ ಇವುಗಳನ್ನು ನೋಡಿಕೊಳ್ಳಲು ನೂರಾರು ಮಂದಿ ಗಂಡಸರು ಕಾಂಗ್ರೆಸ್ಸಿನಲ್ಲಿದ್ದಾರೆ. ರಾಷ್ಟ್ರದ ಪರಮ ಸಂಪತ್ತಾದ ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಹೆಂಗಸಾದರೂ ಬೇಡವೇ? ಇಷ್ಟೇ ಆಕೆಯ ಪ್ರಶ್ನೆ. ಚುನಾವಣೆಯ ರಾತ್ರಿ ಆಕೆ ಸೋತರೆಂದೇ ಮೊದಲು ಸುದ್ದಿ ಬಂದಿತು. ದೂರದೂರದ ಹಳ್ಳಿಗಳ ಮತಗಳು ಎಣಿಕೆಗೆ ಬಂದು ಮುಟ್ಟಿದ ಮೇಲೆ, ಆಕೆ ಗೆದ್ದುದು ಹೊರಬಿದ್ದಿತು. ಆ ಕಾಲಕ್ಕೆ ಅಮೆರಿಕದ ಬಹುಭಾಗದಲ್ಲಿ ಸ್ತ್ರೀಯರಿಗೆ ಮತವೇ ಇರಲಿಲ್ಲವೆಂಬುದನ್ನು ನೆನೆದರೆ ಈ ಗೆಲುವಿನ ಮಹತ್ತ್ವವು ತಿಳಿದೀತು.

೧೯೧೭ನೆಯ ಇಸವಿ ಏಪ್ರಿಲ್ ೨ರಂದು ಆಕೆ ಪ್ರಮಾಣವಚನವನ್ನು ಸ್ವೀಕರಿಸಿದರು. ಬೆಳಿಗ್ಗೆ ಸ್ತ್ರೀಸಂಘಗಳವರು ಔತಣವನ್ನು ಮಾಡಿ ಹೂಗೊಂಚಲನ್ನು ಕೊಟ್ಟು ಕಳುಹಿದರು. ಆಕೆ ಸಭಾಮಂದಿರವನ್ನು ಪ್ರವೇಶಿಸಿದಾಗ ಸದಸ್ಯರೆಲ್ಲರೂ ಕರತಾಡನ ಮಾಡಿದರು. ಆದರೆ ಆ ಸಂತೋಷವು ಸಾಯಂಕಾಲದವರೆಗೂ ಉಳಿಯಲಿಲ್ಲ. ಅಂದೇ ರಾತ್ರಿ ಅಧ್ಯಕ್ಷ ವುಡ್ರೋ ವಿಲ್ಸನ್ನರು ಅದೇ ಸಭೆಗೆ ಬಂದು, ಜರ್ಮನಿಯ ಮೇಲೆ ಯುದ್ಧವನ್ನು ಸಾರಬೇಕೆಂದು ಕೇಳಿದರು.

ಮುಂದಿನ ನಾಲ್ಕು ದಿನಗಳಲ್ಲಿ ಆ ಮೂವತ್ತಾರು ವರ್ಷದ ಹೆಂಗಸಿನ ಮೇಲೆ ಬಿದ್ದ ಭಾರವನ್ನು ಊಹಿಸುವುದು ಕಷ್ಟ. ವೈರಿಗಳು ಹೇಳಿದ್ದರೆ ತಡೆದುಕೊಳ್ಳಬಹುದಾಗಿತ್ತು, ಹೇಳಿದವರು ಆಪ್ತರೇ. ಸ್ತ್ರೀಚಳವಳಿಯ ಮುಖಂಡರಾದ ಕ್ಯಾರಿ ಚಾಪ್‌ಮನ್ ಕ್ಯಾಟ್ ಅವರ ಪಕ್ಷದವರು, ಮೊದಲನೆಯ ಹೆಂಗಸೇ ಯುದ್ಧಕ್ಕೆ ಹಿಂಜರಿದಳೆಂದರೆ ಹೆಂಗಸರು ರಾಜ್ಯಭಾರಕ್ಕೆ ತಕ್ಕವರಲ್ಲವೆಂಬ ಅಪವಾದವು ಬರುವುದೆಂದೂ, ಎಷ್ಟೋ ವರ್ಷಗಳ ಶ್ರಮವು ಮಣ್ಣುಪಾಲಾಗುವುದೆಂದೂ ಭಯಪಟ್ಟರು. ಸ್ವಂತ ತಮ್ಮನು, ಗಂಡಸರಂತೆ ಮತವನ್ನು ಕೊಡು, ಇಲ್ಲವಾದರೆ ಮುಂದಿನ ಚುನಾವಣೆಯನ್ನು ಮರೆತುಬಿಡು ಎಂಬರ್ಥದಲ್ಲಿ ಒತ್ತಾಯಪಡಿಸಿದನು. ಆಲಿಸ್ ಪಾಲ್ ಮೊದಲಾದ ಕೆಲವರು ಮಾತ್ರ ಆಕೆಯ ಮನಸ್ಸಿನ ಕಡೆಗೆ ನಿಂತರು.

ಏಪ್ರಿಲ್ ೬ರ ಬೆಳಗಿನ ಜಾವ ಸುಮಾರು ಮೂರು ಗಂಟೆಗೆ ಮತ ತೆಗೆದುಕೊಳ್ಳುವುದಕ್ಕೆ ಆರಂಭವಾಯಿತು. ಮೊದಲನೆಯ ಬಾರಿ ಹೆಸರನ್ನು ಕೂಗಿದಾಗ ರಾಂಕಿನ್ನರು ಉತ್ತರವನ್ನು ಕೊಡಲಿಲ್ಲ. ಸಭೆಯ ಹಳೆಯ ಮುತ್ಸದ್ದಿಯಾದ ಜೋ ಕ್ಯಾನನ್ನರು ಬಳಿಗೆ ಬಂದು, ನೀನು ಮತ ಕೊಡದೆ ಇರಬಾರದು, ಈ ದೇಶದ ಸ್ತ್ರೀಕುಲಕ್ಕೆ ನೀನು ಪ್ರತಿನಿಧಿಯೆಂದು ಮೆಲ್ಲನೆ ಹೇಳಿದರು. ಎರಡನೆಯ ಬಾರಿ ಹೆಸರು ಬಂದಾಗ ಆಕೆ ಎದ್ದು ನಿಂತು, ದೇಶದ ಪಕ್ಷದಲ್ಲಿ ನಿಲ್ಲಬೇಕೆಂಬುದು ನನ್ನ ಇಚ್ಛೆ, ಆದರೆ ಯುದ್ಧಕ್ಕೆ ನಾನು ಮತ ಕೊಡಲಾರೆ ಎಂದರು. ಹೆಸರು ಕೂಗುವಾಗ ಹೌದು ಇಲ್ಲಗಳ ಹೊರತು ಬೇರೆ ಮಾತನಾಡಕೂಡದೆಂಬ ನಿಯಮವನ್ನೂ ಆ ಗಳಿಗೆಯಲ್ಲಿ ಆಕೆ ಮೀರಿದರು. ನಿರ್ಣಯವು ೩೭೩ಕ್ಕೆ ೫೦ ಮತಗಳಂತೆ ಅಂಗೀಕೃತವಾಯಿತು.

ಆಕೆಯ ಜೊತೆಗೆ ನಲವತ್ತೊಂಬತ್ತು ಮಂದಿ ಗಂಡಸರು ಅದೇ ಮತವನ್ನು ಕೊಟ್ಟಿದ್ದರು. ಬಹುಸಂಖ್ಯಾತ ಪಕ್ಷದ ನಾಯಕರಾದ ಕ್ಲಾಡ್ ಕಿಚಿನ್ ಸಹ ಅವರಲ್ಲೊಬ್ಬರು. ಆದರೆ ಮರುದಿನದ ಪತ್ರಿಕೆಗಳಿಗೆ ಕಂಡದ್ದು ಆ ಹೆಂಗಸೊಬ್ಬಳೇ. ಆಕೆ ಬಿಕ್ಕಿಬಿಕ್ಕಿ ಅತ್ತಳು, ಮೂರ್ಛೆ ಹೋಗುವುದರಲ್ಲಿದ್ದಳು ಎಂದೆಲ್ಲ ಬರೆದರು. ಮುಂದೆ ನ್ಯೂಯಾರ್ಕಿನ ಮೇಯರಾಗಿ ಕೀರ್ತಿಯನ್ನು ಪಡೆದ ಲಾ ಗಾರ್ಡಿಯಾ ಅವರು ಅಂದು ಸದಸ್ಯರಾಗಿದ್ದು ಯುದ್ಧದ ಪರವಾಗಿಯೇ ಮತವನ್ನಿತ್ತಿದ್ದರು. ಆಕೆ ಅತ್ತದ್ದು ನಿಜವೇ ಎಂದು ಕೇಳಿದವರಿಗೆ ಅವರು, ನನ್ನ ಕಣ್ಣುಗಳಲ್ಲಿಯೇ ನೀರು ತುಂಬಿದ್ದುದರಿಂದ ನನಗೆ ಕಾಣಿಸಲಿಲ್ಲವೆಂದರೆಂದು ಪ್ರಸಿದ್ಧವಾಗಿದೆ.

ಇಲ್ಲಿ ಚರಿತ್ರಕಾರನು ಮರೆಮಾಡಬಾರದ ಸಂಗತಿಯೊಂದಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಆಸ್ಟ್ರಿಯಾ-ಹಂಗರಿಯ ಮೇಲೆ ಯುದ್ಧ ಸಾರುವ ನಿರ್ಣಯವು ಬಂದಾಗ ರಾಂಕಿನ್ನರು ಅದಕ್ಕೆ ಪರವಾಗಿ ಮತವನ್ನು ಕೊಟ್ಟರು. ಯುದ್ಧವು ನಿಷ್ಫಲವೆಂಬ ನನ್ನ ನಂಬಿಕೆ ಬದಲಾಗಿಲ್ಲ, ಆದರೆ ಆಗಲೇ ನಡೆಯುತ್ತಿರುವ ಯುದ್ಧದಲ್ಲಿ ಇದು ಒಂದು ವಿಧಿಮಾತ್ರ ಎಂಬುದು ಆಕೆ ಕೊಟ್ಟ ಸಮಾಧಾನ. ಅಂದು ಒಬ್ಬರೇ ಒಬ್ಬರು, ನ್ಯೂಯಾರ್ಕಿನ ಮೇಯರ್ ಲಂಡನ್ ಎಂಬ ಹೆಸರಿನ ಸದಸ್ಯರು, ಇಲ್ಲವೆಂದರು. ನೂರಾರು ಜನರ ನಡುವೆ ಒಬ್ಬನೇ ನಿಲ್ಲುವುದೆಂದರೇನೆಂಬುದನ್ನು ರಾಂಕಿನ್ನರು ಆ ದಿನ ಬೆಂಚಿನ ಮೇಲೆ ಕುಳಿತು ನೋಡಿದರು. ತ್ರಿಕರಣಶುದ್ಧಿಯೆಂಬುದು ಹುಟ್ಟಿನಿಂದ ಬರುವ ವಸ್ತುವಲ್ಲ, ತಪ್ಪಿ ತಿದ್ದಿಕೊಂಡು ಸಾಧಿಸಬೇಕಾದದ್ದು ಎಂಬುದಕ್ಕೆ ಇದನ್ನು ನಾನು ನಿದರ್ಶನವಾಗಿ ಎಣಿಸುತ್ತೇನೆ.

ಸಭೆಯಲ್ಲಿದ್ದ ಎರಡು ವರ್ಷಗಳನ್ನು ಆಕೆ ವ್ಯರ್ಥ ಮಾಡಲಿಲ್ಲ. ಸರ್ಕಾರದ ನೋಟುಗಳನ್ನು ಅಚ್ಚುಮಾಡುವ ಕಾರ್ಯಾಲಯದಲ್ಲಿ ಹೆಂಗಸರನ್ನು ಮಿತಿಮೀರಿ ದುಡಿಸಿಕೊಳ್ಳುತ್ತಿದ್ದಾರೆಂದು ದೂರು ಬಂದಾಗ, ತಾವೇ ವಿಚಾರಿಸಿ, ದಿನಕ್ಕೆ ಎಂಟು ಗಂಟೆಗಳ ಕೆಲಸವೆಂಬ ನಿಯಮವು ಅಲ್ಲಿ ಮತ್ತೆ ನೆಲೆಗೊಳ್ಳುವಂತೆ ಮಾಡಿದರು. ಬಾಣಂತಿಯರ ಮತ್ತು ಹಸುಗೂಸುಗಳ ಆರೋಗ್ಯಕ್ಕಾಗಿ ಸರ್ಕಾರವು ಹಣವನ್ನು ವೆಚ್ಚಮಾಡಬೇಕೆಂಬ ಮಸೂದೆಯನ್ನು ತಂದರು. ಆಕೆಯ ಕಾಲದಲ್ಲಿ ಅದು ಫಲಿಸಲಿಲ್ಲವಾದರೂ, ಅದೇ ಉದ್ದೇಶದ ಕಾಯಿದೆಯೊಂದು ೧೯೨೧ರಲ್ಲಿ ಜಾರಿಗೆ ಬಂದಿತು. ೧೯೧೭ರ ಜೂನ್ ೮ರಂದು ಮಾಂಟಾನಾದ ಬ್ಯೂಟ್ ಎಂಬಲ್ಲಿ ತಾಮ್ರದ ಗಣಿಯೊಳಗೆ ಬೆಂಕಿ ಹತ್ತಿ ೧೬೦ಕ್ಕೂ ಹೆಚ್ಚು ಮಂದಿ ಕೂಲಿಗಳು ಸತ್ತರು. ಕೆಲಸಗಾರರು ಮುಷ್ಕರ ಹೂಡಿದರು. ಆ ಪ್ರಾಂತದಲ್ಲಿ ತಾಮ್ರದ ಕಂಪೆನಿಯ ಮಾತೇ ಶಾಸನವಾಗಿದ್ದ ದಿನಗಳಲ್ಲಿ ರಾಂಕಿನ್ನರು ಅಲ್ಲಿಗೆ ಹೋಗಿ, ಸಾವಿರಾರು ಜನರ ಸಭೆಯಲ್ಲಿ ಕೂಲಿಗಳ ಪರವಾಗಿ ಮಾತನಾಡಿದರು. ಗಣಿಗಳನ್ನು ಸರ್ಕಾರವು ವಹಿಸಿಕೊಳ್ಳಲಿ ಎಂದರು. ಯುದ್ಧದ ಮತಕ್ಕಿಂತಲೂ ಈ ಮಾತೇ ಆಕೆಗೆ ಹೆಚ್ಚು ಪ್ರಬಲರಾದ ಶತ್ರುಗಳನ್ನು ತಂದಿತೆಂದರೂ ತಪ್ಪಾಗಲಾರದು.

ಆಕೆಯ ಕಾಲದ ಅತ್ಯಂತ ಮುಖ್ಯವಾದ ಕೆಲಸವು ೧೯೧೮ರ ಜನವರಿ ೧೦ರಂದು ನಡೆಯಿತು. ದೇಶದ ಸಮಸ್ತ ಸ್ತ್ರೀಯರಿಗೂ ಮತಾಧಿಕಾರವನ್ನು ಕೊಡುವ ರಾಜ್ಯಾಂಗದ ತಿದ್ದುಪಡಿಯು ಅಂದು ಪ್ರತಿನಿಧಿ ಸಭೆಯ ಮುಂದೆ ಬಂದಿತು. ಚರ್ಚೆಯನ್ನು ಆರಂಭಿಸಿದವರು ರಾಂಕಿನ್ನರೇ. ಪ್ರಪಂಚದಲ್ಲಿ ಪ್ರಜಾಪ್ರಭುತ್ವವನ್ನು ಕಾಪಾಡುವುದಕ್ಕಾಗಿ ಯುದ್ಧವನ್ನು ಸಾರಿದ ಈ ಸಭೆಯೇ ನಮ್ಮ ಸ್ತ್ರೀಯರಿಗೆ ಪ್ರಜಾಪ್ರಭುತ್ವದ ಈ ಸ್ವಲ್ಪ ಭಾಗವನ್ನು ನಿರಾಕರಿಸಿದರೆ, ಆ ಶಬ್ದದ ಅರ್ಥವನ್ನು ಅವರಿಗೆ ಹೇಗೆ ವಿವರಿಸೋಣ ಎಂಬುದು ಆಕೆಯ ಪ್ರಶ್ನೆ. ತಿದ್ದುಪಡಿಗೆ ಮೂರರಲ್ಲಿ ಎರಡು ಪಾಲು ಮತಗಳು ಬೇಕಾಗಿದ್ದುವು. ಎಣಿಸಿದಾಗ ಪರವಾಗಿ ೨೭೪, ವಿರೋಧವಾಗಿ ೧೩೬. ಒಬ್ಬನೇ ಒಬ್ಬ ಸದಸ್ಯನು ಈಚೆಯಿಂದ ಆಚೆಗೆ ಸರಿದಿದ್ದರೂ ಅದು ಬಿದ್ದುಹೋಗುತ್ತಿತ್ತು. ಸೆನೆಟ್ ಸಭೆಯು ಆ ವರ್ಷ ಅದನ್ನು ತಡೆಯಿತಾದರೂ, ೧೯೧೯ರಲ್ಲಿ ಎರಡು ಸಭೆಗಳೂ ಒಪ್ಪಿ, ೧೯೨೦ರ ಆಗಸ್ಟಿನಲ್ಲಿ ಅದು ರಾಜ್ಯಾಂಗದಲ್ಲಿ ಸೇರಿತು. ಸ್ತ್ರೀಯರಿಗೆ ಮತವನ್ನು ಕೊಡಿಸುವುದಕ್ಕಾಗಿ ಕಾಂಗ್ರೆಸ್ಸಿನಲ್ಲಿ ಮತವನ್ನಿತ್ತ ಏಕೈಕ ಸ್ತ್ರೀಯೆಂದು ತನ್ನನ್ನು ಜನರು ನೆನೆದರೆ ಸಾಕೆಂದು ಆಕೆ ಮುದಿತನದಲ್ಲಿ ಹೇಳಿದ್ದುಂಟು. ಈ ಗಾಳಿಯು ಆ ಕಾಲದಲ್ಲಿ ಲೋಕದಲ್ಲೆಲ್ಲ ಬೀಸುತ್ತಿತ್ತು. ರಾಂಕಿನ್ನರು ಆಯ್ಕೆಯಾದ ಹತ್ತು ವರ್ಷಗಳಿಗೆ, ೧೯೨೬ರಲ್ಲಿ, ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸಿನ ಶಾಸನಸಭೆಗೆ ಉಮೇದುವಾರರಾಗಿ ನಿಂತು, ಅತ್ಯಲ್ಪ ಮತಗಳಿಂದ ಸೋತದ್ದನ್ನು ಇಲ್ಲಿ ಸ್ಮರಿಸಬಹುದು.

ಏತನ್ಮಧ್ಯೆ ಮಾಂಟಾನಾದ ಶಾಸನಸಭೆಯವರು ಆ ಸಂಸ್ಥಾನವನ್ನು ಎರಡು ಕ್ಷೇತ್ರಗಳಾಗಿ ವಿಂಗಡಿಸಿದರು. ರಾಂಕಿನ್ನರ ಮನೆಯಿದ್ದ ಭಾಗವು ಎದುರು ಪಕ್ಷದ ಬಲವುಳ್ಳದ್ದಾಯಿತು. ಆದುದರಿಂದ ಆಕೆ ೧೯೧೮ರಲ್ಲಿ ಸೆನೆಟ್ ಸಭೆಗೆ ನಿಂತರು. ಸ್ವಂತ ಪಕ್ಷವು ಬೇರೆಯವರನ್ನು ಆರಿಸಿತು. ಚಿಕ್ಕದೊಂದು ಪಕ್ಷದಿಂದ ನಿಂತು ಮೂರನೆಯ ಸ್ಥಾನಕ್ಕೆ ಇಳಿದರು. ಹೀಗೆ ಮೊದಲನೆಯ ಅಧಿಕಾರವು ಮುಗಿಯಿತು.

ಅಧಿಕಾರವು ಹೋದಾಗ ಮನೆಯಲ್ಲಿ ಕುಳಿತು ಕೊರಗುವವರು ಬಹಳ. ರಾಂಕಿನ್ನರು ೧೯೧೯ರಲ್ಲಿ, ಸಮಾಜಸೇವೆಯಿಂದ ಲೋಕಪ್ರಸಿದ್ಧರಾದ ಜೇನ್ ಆಡಮ್ಸ್ ಮೊದಲಾದವರೊಡನೆ, ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಸೇರಿದ ಸ್ತ್ರೀಯರ ಶಾಂತಿಸಮ್ಮೇಳನಕ್ಕೆ ಹೋದರು. ಗೆದ್ದ ದೇಶಗಳ ತಾಯಂದಿರೂ ಸೋತ ದೇಶಗಳ ತಾಯಂದಿರೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತರು. ಅಲ್ಲಿಂದ ಮುಂದೆ ಯುದ್ಧನಿವಾರಣೆಯೇ ಆಕೆಯ ಜೀವನದ ವ್ರತವಾಯಿತು. ೧೯೨೪ರಲ್ಲಿ ಜಾರ್ಜಿಯಾ ಸಂಸ್ಥಾನದಲ್ಲಿ ಸ್ವಲ್ಪ ಭೂಮಿಯನ್ನು ಕೊಂಡು, ವಿದ್ಯುದ್ದೀಪವಾಗಲಿ ನಲ್ಲಿಯ ನೀರಾಗಲಿ ಇಲ್ಲದ ಸಣ್ಣ ಮನೆಯಲ್ಲಿ ವಾಸಮಾಡಿದರು. ನೆರೆಹೊರೆಯ ಹುಡುಗರನ್ನೂ ಹೆಂಗಸರನ್ನೂ ಸೇರಿಸಿಕೊಂಡು ಶಾಂತಿಸಂಘವನ್ನು ನಡೆಸಿದರು. ೧೯೨೯ರಿಂದ ಹತ್ತು ವರ್ಷಗಳ ಕಾಲ ಯುದ್ಧನಿವಾರಣ ಸಂಸ್ಥೆಯೊಂದರ ಪರವಾಗಿ ವಾಷಿಂಗ್ಟನ್ನಿನಲ್ಲಿ ಕಾಂಗ್ರೆಸ್ಸಿನ ಸದಸ್ಯರ ಬಾಗಿಲುಗಳನ್ನು ತಟ್ಟಿದರು. ವಿವಾಹವಾಗಲಿಲ್ಲ. ಭೂಕಂಪದಲ್ಲಿ ಹೇಗೆ ಯಾರೂ ಗೆಲ್ಲುವುದಿಲ್ಲವೋ ಹಾಗೆಯೇ ಯುದ್ಧದಲ್ಲಿಯೂ ಯಾರೂ ಗೆಲ್ಲುವುದಿಲ್ಲವೆಂಬುದು ಆಕೆಯ ಹೆಸರಿನಲ್ಲಿ ಪ್ರಚಾರದಲ್ಲಿರುವ ಸೂಕ್ತಿ.

ಯೂರೋಪಿನಲ್ಲಿ ಮತ್ತೆ ಯುದ್ಧವು ಹೊತ್ತಿಕೊಂಡಿದ್ದ ೧೯೪೦ರಲ್ಲಿ, ಅರುವತ್ತು ವರ್ಷ ವಯಸ್ಸಿನ ರಾಂಕಿನ್ನರು ಮಾಂಟಾನಾಕ್ಕೆ ಹಿಂದಿರುಗಿ ಪುನಃ ಚುನಾವಣೆಗೆ ನಿಂತರು. ಹೈಸ್ಕೂಲುಗಳಿಗೆ ಹೋಗಿ ಮಕ್ಕಳೊಡನೆ ಮಾತನಾಡಿದರು. ನಿಮ್ಮ ಹುಡುಗರನ್ನು ಪರದೇಶದ ರಣಭೂಮಿಗೆ ಕಳುಹಿಸಲು ನಾನು ಒಪ್ಪುವುದಿಲ್ಲವೆಂದು ಜನರಿಗೆ ಸ್ಪಷ್ಟವಾಗಿ ಹೇಳಿಯೇ ಗೆದ್ದರು. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಆಕೆ ಮಾಡಿದ್ದು ಕೊಟ್ಟ ಮಾತಿಗೆ ವಿರುದ್ಧವಾಗಿರಲಿಲ್ಲ.

೧೯೪೧ನೆಯ ಡಿಸೆಂಬರ್ ೭ರ ಭಾನುವಾರ ಜಪಾನಿನ ವಿಮಾನಗಳು ಹವಾಯಿ ದ್ವೀಪದ ಪರ್ಲ್ ಹಾರ್ಬರಿನ ಮೇಲೆ ಬಾಂಬುಗಳನ್ನು ಸುರಿದವು. ೨,೪೦೦ಕ್ಕೂ ಹೆಚ್ಚು ಮಂದಿ ಅಮೆರಿಕನರು ಹತರಾದರು. ರಾಂಕಿನ್ನರು ಆಗ ಭಾಷಣಕ್ಕಾಗಿ ಡೆಟ್ರಾಯಿಟ್ ನಗರಕ್ಕೆ ಹೋಗುವ ರೈಲಿನಲ್ಲಿದ್ದರು. ಸುದ್ದಿ ತಿಳಿದೊಡನೆ ಮಾರ್ಗಮಧ್ಯದಲ್ಲಿಯೇ ಇಳಿದು ಹಿಂದಿರುಗಿದರು. ಮರುದಿನ ಬೆಳಿಗ್ಗೆ, ಯಾರೂ ಬಂದು ತನ್ನ ಮನಸ್ಸನ್ನು ತಿರುಗಿಸದಿರಲಿ ಎಂದು, ಒಬ್ಬರೇ ಮೋಟಾರಿನಲ್ಲಿ ಕುಳಿತು ಊರಿನ ಬೀದಿಗಳಲ್ಲಿ ಸುತ್ತಾಡಿದರು. ಆ ಕೆಲವು ಗಂಟೆಗಳ ಏಕಾಂತವನ್ನು ಯೋಚಿಸಿದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಜೊತೆಗೆ ನಲವತ್ತೊಂಬತ್ತು ಮಂದಿ ಇದ್ದರು. ಈ ಸಲ ಯಾರೂ ಇರುವುದಿಲ್ಲವೆಂದು ಆಕೆಗೆ ತಿಳಿದಿದ್ದಿರಬೇಕು.

ಸಭೆಯಲ್ಲಿ ಚರ್ಚೆಯು ಒಂದು ಗಂಟೆಯ ಕಾಲವೂ ನಡೆಯಲಿಲ್ಲ. ಮಾತನಾಡುವುದಕ್ಕೆ ಅವಕಾಶವನ್ನು ಬೇಡಿ ರಾಂಕಿನ್ನರು ಪುನಃ ಪುನಃ ಎದ್ದು ನಿಂತರು. ಸಭಾಪತಿ ಸ್ಯಾಮ್ ರೇಬರ್ನ್ ಅವರತ್ತ ತಿರುಗಲೇ ಇಲ್ಲ. ಕುಳಿತುಕೋ ಎಂದು ಸುತ್ತಲಿನವರು ಕೂಗಿದರು. ಹೆಸರು ಬಂದಾಗ ಆಕೆ ಇಲ್ಲವೆಂದರು. ಹೆಂಗಸಾದ ನಾನು ಯುದ್ಧಕ್ಕೆ ಹೋಗಲಾರೆ, ಬೇರೆ ಯಾರನ್ನೂ ಕಳುಹಿಸುವುದಕ್ಕೂ ಒಪ್ಪಲಾರೆ ಎಂಬುದು ಆಕೆ ಕೊಟ್ಟ ಕಾರಣ. ಸಭೆಯಲ್ಲಿ ಧಿಕ್ಕಾರದ ಸದ್ದು ಎದ್ದಿತು. ಎವರೆಟ್ ಡರ್ಕ್ಸನ್ ಮೊದಲಾದ ಸಹಸದಸ್ಯರು ಬಂದು, ಮತವನ್ನು ಬದಲಾಯಿಸು, ಅದಾಗದಿದ್ದರೆ ತಟಸ್ಥಳೆಂದಾದರೂ ಬರೆಯಿಸು ಎಂದು ಬೇಡಿಕೊಂಡರು. ಆಕೆ ಕೇಳಲಿಲ್ಲ. ಸೆನೆಟಿನಲ್ಲಿ ೮೨ಕ್ಕೆ ಸೊನ್ನೆ. ಇಲ್ಲಿ ೩೮೮ಕ್ಕೆ ಒಂದು.

ಸಭೆ ಮುಗಿದು ಹೊರಬಂದಾಗ ಜನರ ಗುಂಪು ಆಕೆಯನ್ನು ಮುತ್ತಿತು. ಆಕೆ ಟೆಲಿಫೋನಿನ ಒಂದು ಚಿಕ್ಕ ಗೂಡಿನೊಳಕ್ಕೆ ಹೊಕ್ಕು ಬಾಗಿಲು ಹಾಕಿಕೊಂಡು, ಪೋಲೀಸಿನವರನ್ನು ಕರೆಸಿಕೊಂಡು, ಅವರ ಕಾವಲಿನಲ್ಲಿ ತಮ್ಮ ಕೊಠಡಿಯನ್ನು ಸೇರಬೇಕಾಯಿತು. ಮಾಂಟಾನಾ ಪೂರ್ತಿಯಾಗಿ ನಿನಗೆ ವಿರುದ್ಧವಾಗಿದೆಯೆಂದು ತಮ್ಮನು ತಿಳಿಸಿದನು. ಪತ್ರಿಕೆಗಳು ಕಟುವಾಗಿ ನಿಂದಿಸಿದುವು. ಆದರೆ ಕಾನ್ಸಾಸ್ ಸಂಸ್ಥಾನದ ಪ್ರಸಿದ್ಧ ಪತ್ರಿಕಾಕರ್ತರಾದ ವಿಲಿಯಂ ಆಲನ್ ವೈಟ್ ಅವರು, ಆಕೆಯ ಅಭಿಪ್ರಾಯವನ್ನು ನಾವು ಸ್ವಲ್ಪವೂ ಒಪ್ಪುವುದಿಲ್ಲವೆಂದು ಹೇಳುತ್ತಲೇ, ಆ ಧೈರ್ಯವು ಮಾತ್ರ ಅಸಾಧಾರಣವಾದದ್ದೆಂದು ಬರೆದರು. ಮೂರು ದಿನಗಳ ಬಳಿಕ ಜರ್ಮನಿ, ಇಟಲಿಗಳ ಮೇಲಿನ ನಿರ್ಣಯಗಳು ಬಂದಾಗ ರಾಂಕಿನ್ನರು ಹೌದೆಂದೂ ಇಲ್ಲವೆಂದೂ ಹೇಳದೆ ತಟಸ್ಥರಾಗಿ ಉಳಿದರು. ೧೯೪೨ರ ಚುನಾವಣೆಗೆ ಆಕೆ ನಿಲ್ಲಲಿಲ್ಲ. ಎರಡನೆಯ ಅಧಿಕಾರವೂ ಅ ‘ಇಲ್ಲ’ ಎಂಬ ಶಬ್ದದಿಂದಲೇ ಮುಗಿದುಹೋಯಿತು.

ಆಕೆ ಮಾಡಿದ್ದು ಸರಿಯೇ? ಈ ಪ್ರಶ್ನೆಯನ್ನು ವಾಚಕರು ಕೇಳಿಯೇ ಕೇಳುವರು. ನಾನೂ ಬಹುಕಾಲ ಕೇಳಿಕೊಂಡೆನು. ೧೯೧೭ರ ಮತದ ವಿಷಯದಲ್ಲಿ ಸಮರ್ಥನೆಯು ಸುಲಭ. ಆ ಮಹಾಯುದ್ಧವು ಯುದ್ಧಗಳನ್ನು ಕೊನೆಗಾಣಿಸಲಿಲ್ಲ. ಇಪ್ಪತ್ತೊಂದು ವರ್ಷಗಳೊಳಗಾಗಿ ಇನ್ನೂ ಭಯಂಕರವಾದದ್ದೊಂದು ಹುಟ್ಟಿತು. ೧೯೪೧ರ ಮತದ ವಿಷಯವು ಹಾಗಲ್ಲ. ಮನೆಯ ಬಾಗಿಲಿಗೆ ಬಂದು ಹೊಡೆದವನನ್ನು ಎದುರಿಸದೆ ಇರಬಹುದೇ? ಹಿಟ್ಲರನ ಕೈಯಲ್ಲಿ ನಾಶವಾಗುತ್ತಿದ್ದ ಲಕ್ಷಾಂತರ ನಿರಪರಾಧಿಗಳಿಗೆ ಬೇರೆ ಯಾವ ರಕ್ಷಣೆಯಿತ್ತು? ಇವಕ್ಕೆ ರಾಂಕಿನ್ನರ ಜೀವನದಲ್ಲಿ ಪೂರ್ಣವಾದ ಉತ್ತರವು ದೊರೆಯದೆಂದೇ ನನ್ನ ಭಾವನೆ. ಆ ದಿನ ನಾನು ಆ ಸಭೆಯಲ್ಲಿದ್ದಿದ್ದರೆ ಆಕೆಯೊಡನೆ ಮತ ಕೊಡುತ್ತಿದ್ದೆನೆಂದು ಹೇಳಲಾರೆ. ಆದರೆ ಒಂದನ್ನು ಹೇಳಬಲ್ಲೆ. ಲಕ್ಷಗಟ್ಟಲೆ ಯುವಕರನ್ನು ಮೃತ್ಯುಮುಖಕ್ಕೆ ಕಳುಹಿಸುವ ನಿರ್ಣಯವು, ಅದು ಎಷ್ಟೇ ಅನಿವಾರ್ಯವಾಗಿರಲಿ, ಒಂದು ಗಂಟೆಯೊಳಗೆ ಒಂದೇ ಕಂಠದಿಂದ ಆಗಿಹೋಗುವುದು ಸಭೆಗೆ ಭೂಷಣವಲ್ಲ. ಇಲ್ಲವೆನ್ನುವವರಿಗೆ ಎಡೆಯಿಲ್ಲದ ಸಭೆಯಲ್ಲಿ ಹೌದೆಂಬ ಮಾತಿಗೂ ತೂಕವಿರುವುದಿಲ್ಲ.

ಮತ್ತೊಂದು ಮಾತು. ಮೇಲೆ ಹೇಳಿದ ವಿಕರ್ಣನು ಸಭೆಯಲ್ಲಿ ಧರ್ಮವನ್ನು ನುಡಿದನಾದರೂ, ಕುರುಕ್ಷೇತ್ರದಲ್ಲಿ ಅಣ್ಣನ ಪಕ್ಷದಲ್ಲಿಯೇ ನಿಂತು ಹೋರಾಡಿ, ಭೀಮನ ಕೈಯಲ್ಲಿ ಮಡಿದನು. ನುಡಿದ ಮಾತನ್ನು ಬಾಳಿನಲ್ಲಿ ಕೊನೆಯವರೆಗೂ ನಡೆಯಿಸಿಕೊಳ್ಳುವುದು ನುಡಿಯುವುದಕ್ಕಿಂತಲೂ ಕಷ್ಟ. ರಾಂಕಿನ್ನರ ವಿಶೇಷವು ಇಲ್ಲಿದೆ. ಎರಡನೆಯ ಸೋಲಿನ ತರುವಾಯ ಆಕೆ, ಅಹಿಂಸೆಯಿಂದ ಒಂದು ಸಾಮ್ರಾಜ್ಯವನ್ನೇ ಎದುರಿಸುತ್ತಿದ್ದ ಮಹಾತ್ಮಾ ಗಾಂಧಿಯವರ ಮಾರ್ಗವನ್ನು ತಿಳಿಯಬೇಕೆಂದು ೧೯೪೬ರಲ್ಲಿ ಭಾರತಕ್ಕೆ ಬಂದರು. ಅನಂತರವೂ ಅನೇಕ ಬಾರಿ ಬಂದುಹೋದರು. ಯುದ್ಧವು ಬೇಡವೆಂದು ಹೇಳುವುದು ಅರ್ಧ ಕೆಲಸ, ಅನ್ಯಾಯವನ್ನು ಯುದ್ಧವಿಲ್ಲದೆ ಎದುರಿಸುವ ಬಗೆಯನ್ನು ಕಲಿಯುವುದು ಉಳಿದರ್ಧ. ಅದನ್ನು ಹುಡುಕಿಕೊಂಡು ಆ ವೃದ್ಧೆಯು ನಮ್ಮ ನಾಡಿನವರೆಗೂ ಬಂದರೆಂಬುದು ನಮಗೆ ಹೆಮ್ಮೆಯ ವಿಷಯವೂ ಹೌದು, ಸ್ವಲ್ಪ ನಾಚಿಕೆಯಿಂದ ನಮ್ಮನ್ನು ನಾವು ನೋಡಿಕೊಳ್ಳಬೇಕಾದ ವಿಷಯವೂ ಹೌದು.

೧೯೬೮ರ ಜನವರಿ ೧೫ರಂದು, ಎಂಬತ್ತೇಳು ವರ್ಷ ವಯಸ್ಸಿನಲ್ಲಿ, ವಿಯಟ್ನಾಮ್ ಯುದ್ಧವನ್ನು ನಿಲ್ಲಿಸಬೇಕೆಂದು ಆಕೆ ಸುಮಾರು ಐದು ಸಾವಿರ ಮಂದಿ ಸ್ತ್ರೀಯರ ಮುಂದೆ ನಡೆದು, ತಾನು ಎರಡು ಬಾರಿ ಇಲ್ಲವೆಂದಿದ್ದ ಅದೇ ಕಾಂಗ್ರೆಸ್ಸಿಗೆ ಮನವಿಯನ್ನು ಒಪ್ಪಿಸಿದರು. ೧೯೭೩ರ ಮೇ ೧೮ರಂದು ಕ್ಯಾಲಿಫೋರ್ನಿಯಾದಲ್ಲಿ, ತೊಂಬತ್ತೆರಡು ವರ್ಷಗಳ ಪೂರ್ಣಾಯುಷ್ಯವನ್ನು ಮುಗಿಸಿ ನಿಧನರಾದರು. ಆಕೆ ಬಿಟ್ಟುಹೋದ ಸ್ವತ್ತಿನಿಂದ ೧೯೭೬ರಲ್ಲಿ ಒಂದು ನಿಧಿಯು ಸ್ಥಾಪಿತವಾಗಿ, ವಯಸ್ಸು ಮೀರಿದ ಮೇಲೆ ಓದನ್ನು ಮುಂದುವರಿಸುವ ಬಡ ಸ್ತ್ರೀಯರಿಗೆ ವಿದ್ಯಾರ್ಥಿವೇತನವನ್ನು ಕೊಡತೊಡಗಿತು. ಆಕೆಯ ತರುವಾಯ ನೂರಾರು ಮಂದಿ ಸ್ತ್ರೀಯರು ಆ ಕಾಂಗ್ರೆಸ್ಸನ್ನು ಪ್ರವೇಶಿಸಿದರು. ಆದರೆ ಮಾಂಟಾನಾದಿಂದ ೨೦೨೪ರ ಚುನಾವಣೆಯವರೆಗೂ ಮತ್ತೊಬ್ಬ ಸ್ತ್ರೀಯು ಆಯ್ಕೆಯಾಗಲಿಲ್ಲ. ಹಾಗಿದ್ದರೂ ಒಂದು ಕಾಲಕ್ಕೆ ಆಕೆಯನ್ನು ನಿರಾಕರಿಸಿದ ಆ ಸಂಸ್ಥಾನವೇ ೧೯೮೫ರಲ್ಲಿ ಆಕೆಯ ಪ್ರತಿಮೆಯನ್ನು ಮಾಡಿಸಿ ವಾಷಿಂಗ್ಟನ್ನಿನ ಕಾಂಗ್ರೆಸ್ ಭವನದಲ್ಲಿ ಇರಿಸಿತು. ಯುದ್ಧಕ್ಕೆ ನಾನು ಮತ ಕೊಡಲಾರೆ ಎಂಬ ಆಕೆಯ ಮಾತನ್ನು ಅದರ ಪೀಠದ ಮೇಲೆ ಕೆತ್ತಿದ್ದಾರೆ.

ನಮ್ಮ ಮನೆಗಳೂ ಒಂದೊಂದು ಸಣ್ಣ ಸಭೆಗಳೇ. ಹಿರಿಯರೆಲ್ಲರೂ ಒಂದು ನಿಶ್ಚಯಕ್ಕೆ ಬಂದಿರುವಾಗ ಮೂಲೆಯಲ್ಲಿ ಕುಳಿತ ಸೊಸೆಯೋ ಮಗಳೋ ಚಿಕ್ಕ ಹುಡುಗನೋ ‘ಇದು ಬೇಡ’ವೆಂದರೆ, ನಾವು ಕರ್ಣನಂತೆ ಅವರ ಬಾಯಿ ಮುಚ್ಚಿಸುವುದೇ ರೂಢಿ. ಅವರ ಮಾತು ತಪ್ಪಾಗಿಯೂ ಇರಬಹುದು. ಆದರೆ ಕೇಳಿದ ಮೇಲಲ್ಲವೇ ಅದು ತಪ್ಪೆಂದು ತಿಳಿಯುವುದು? ಅಂದು ತರಗತಿಯಲ್ಲಿ ಎಲ್ಲರೂ ೩೮೮ನ್ನು ಬರೆದುಕೊಂಡಾಗ ಒಬ್ಬ ಹುಡುಗನು ಮಾತ್ರ ಆ ಒಂದನ್ನು ಕುರಿತು ಕೇಳಿದನು. ನಾನು ಅವನನ್ನು ಕುಳ್ಳಿರಿಸಿದೆನು. ಅವನು ಈಗ ಎಲ್ಲಿರುವನೋ ತಿಳಿಯದು. ಎಲ್ಲಿಯೋ ಗೃಹಸ್ಥನಾಗಿ, ಮಕ್ಕಳ ತಂದೆಯಾಗಿ ಇರಬಹುದು. ಈ ಪತ್ರಿಕೆಯು ಅವನ ಮನೆಗೂ ಬರುತ್ತಿದ್ದರೆ, ತಡವಾಗಿಯಾದರೂ ಅವನ ಪ್ರಶ್ನೆಗೆ ಅವನ ಮೇಷ್ಟರು ಕೊಡುವ ಉತ್ತರವಿದು.